ದ್ವೀಪದ ಊರಿಂದ ದಾವಣಗೆರೆಗೆ ಓದಲು ಬಂದವರಿಗೆ ಎಸ್‌ಎಸ್‌ಪಿ, ಹಾಸ್ಟೆಲ್, ಟೆಲಿ ಮಾನಸ್: ಎಲ್ಲಿ ಕೈ ಹಿಡಿಯುತ್ತವೆ, ಎಲ್ಲಿ ಬಿಡುತ್ತವೆ

ದಾವಣಗೆರೆಯ ಸೈಬರ್ ಸೆಂಟರಿನಲ್ಲಿ ಕುಳಿತ ಹುಡುಗಿ ಆಧಾರ್ ಸಂಖ್ಯೆ ಒತ್ತುತ್ತಾಳೆ. ಒಟಿಪಿ ಹೋಗುವುದು ಶರಾವತಿ ಹಿನ್ನೀರಿನ ತುಮರಿ ಕಡೆಯ ಊರಲ್ಲಿರುವ ಅಪ್ಪನ ಮೊಬೈಲಿಗೆ. ಅಪ್ಪ ತೋಟದಲ್ಲಿದ್ದಾರೆ, ತೋಟದಲ್ಲಿ ಸಿಗ್ನಲ್ ಇಲ್ಲ. ಅವರು ದಿಬ್ಬ ಹತ್ತಿ, ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಓದಿ ಹೇಳುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಮತ್ತೆ ಕಳಿಸಬೇಕು, ಮತ್ತೆ ಕಾಯಬೇಕು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. "ನಾಳೆ ಬರ್ತೀನಿ ಅಣ್ಣ" ಎಂದು ಹುಡುಗಿ ಎದ್ದು ಹೋಗುತ್ತಾಳೆ. ಎಲ್ಲ ಅರ್ಹತೆ ಇದ್ದೂ ವಿದ್ಯಾರ್ಥಿವೇತನ ಕೈತಪ್ಪುವುದು ಎಷ್ಟೋ ಸಲ ಇಷ್ಟಕ್ಕೇ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ಹಿನ್ನೀರು ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳನ್ನು ಸುತ್ತುವರಿಯಿತು. ಪೂರ್ತಿ ದ್ವೀಪವೇನಲ್ಲ, ಒಂದು ಮಗ್ಗುಲಿಗೆ ಕಾಡಿದೆ. ಆದರೂ ಅಲ್ಲಿಯವರು ತಮ್ಮ ನೆಲವನ್ನು ದ್ವೀಪ ಎಂದೇ ಕರೆಯುತ್ತಾರೆ. ದಶಕಗಳ ಕಾಲ ಸಾಗರಕ್ಕೆ ಹೋಗಲು ಲಾಂಚ್ ಹಿಡಿಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ದಡದಲ್ಲೇ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸಿಗಂದೂರು ಸೇತುವೆ ತೆರೆಯಿತು. ದಾರಿಯ ಕಷ್ಟ ಅಷ್ಟರಮಟ್ಟಿಗೆ ನೀಗಿತು. ಒಟಿಪಿ ಮಾತ್ರ ಸೇತುವೆ ಮೇಲೆ ಬರುವುದಿಲ್ಲ.

ಅಂಥ ಊರುಗಳಿಂದ ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಸ್‌ಸಿ., ಎಂ.ಕಾಂ. ಎಂದು ದಾವಣಗೆರೆಗೆ ಬರುವ ಮಕ್ಕಳಿಗೆ ವಿದ್ಯಾರ್ಥಿವೇತನ, ಹಾಸ್ಟೆಲ್, ಮನಸ್ಸಿನ ಆರೋಗ್ಯ, ಉದ್ಯೋಗದ ಮಾರ್ಗದರ್ಶನ ಈ ನಾಲ್ಕರಲ್ಲಿ ಸರ್ಕಾರದ ಸೇವೆಗಳು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತವೆ ಎಂಬುದು ಇಲ್ಲಿಯ ವಿಷಯ. ಜಗಳೂರು, ಮೊಳಕಾಲ್ಮೂರಿನ ಮೂಲೆಯ ಹಟ್ಟಿಗಳಿಂದ ಬರುವವರಿಗೂ ಇದರಲ್ಲಿ ಮುಕ್ಕಾಲು ಭಾಗ ಹಾಗೇ ಅನ್ವಯಿಸುತ್ತದೆ.

ಮೊದಲು ದುಡ್ಡಿನ ಮಾತು. ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಹಲವು ಇಲಾಖೆಗಳಿಗೆ ಒಂದೇ ಅರ್ಜಿ. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದರೆ ವಿವರವನ್ನು ತಾನೇ ಎಳೆದುಕೊಳ್ಳುತ್ತದೆ. ಯಾವ ಯೋಜನೆಗೆ ಅರ್ಹರು ಎಂದು ಹುಡುಕುತ್ತಾ ನಾಲ್ಕು ಕಚೇರಿ ಅಲೆಯುವುದು ತಪ್ಪಿದೆ. ಈ ಒಂದು ಗುಣಕ್ಕೆ ಪೂರ್ತಿ ಅಂಕ ಕೊಡಬೇಕು. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಮೂರು ನಂಬಿಕೆಗಳ ಮೇಲೆ: ಆಧಾರ್‌ಗೆ ಜೋಡಿಸಿದ ಮೊಬೈಲ್ ವಿದ್ಯಾರ್ಥಿಯ ಕೈಯಲ್ಲಿದೆ, ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಇದೆ, ಬ್ಯಾಂಕ್ ಖಾತೆ ಒಂದೇ ಇದ್ದು ಅದು ಜೀವಂತವಾಗಿದೆ. ಹಿನ್ನೀರಿನ ಮನೆಗಳಲ್ಲಿ ಈ ಮೂರೂ ಒಟ್ಟಿಗೆ ನಿಜವಾಗಿರುವುದು ಅಪರೂಪ.

ಮೊಬೈಲಿನದು ಎಲ್ಲಕ್ಕಿಂತ ಸುಲಭದ ರಿಪೇರಿ, ಎಲ್ಲರೂ ಕೊನೆಗೆ ಮಾಡುವುದೂ ಅದನ್ನೇ. ಆಧಾರ್‌ನಲ್ಲಿ ಮೊಬೈಲ್ ಸಂಖ್ಯೆ ಬದಲಿಸಲು ಯಾವ ದಾಖಲೆಯೂ ಬೇಡ, ವಿದ್ಯಾರ್ಥಿ ಖುದ್ದಾಗಿ ಹೋಗಿ ಬೆರಳು ಒತ್ತಿದರೆ ಸಾಕು. ಆಧಾರ್ ಕೇಂದ್ರ ನಮ್ಮದೇ ಜಿಲ್ಲೆಯದಾಗಿರಬೇಕು ಎಂಬ ನಿಯಮವೂ ಇಲ್ಲ, ದಾವಣಗೆರೆಯಲ್ಲೇ ಆಗುತ್ತದೆ. 18 ತುಂಬದವರ ಹೆಸರಿನಲ್ಲಿ ಸಿಮ್ ಸಿಗುವುದಿಲ್ಲ ಎಂದು ಪಿಯುಸಿ ಮಕ್ಕಳು ಹಿಂಜರಿಯುತ್ತಾರೆ. ಆಧಾರ್‌ಗೆ ಜೋಡಿಸುವ ನಂಬರಿನ ಸಿಮ್ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕೆಂದಿಲ್ಲ. ಅಪ್ಪನ ಹೆಸರಿನ ಎರಡನೇ ಸಿಮ್ ಮಗಳ ಜೇಬಿನಲ್ಲಿದ್ದರೆ ಆಯಿತು. ಇನ್ನೊಂದು ವಿಷಯ: ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ಪ್ರಿಪೇಯ್ಡ್ ನಂಬರ್ 90 ದಿನ ಕಳೆದರೆ ಬಂದ್ ಆಗಿ, ಮುಂದೆ ಬೇರೆಯವರ ಪಾಲಾಗಬಹುದು. ಆಗ ನಿಮ್ಮ ಒಟಿಪಿ ಗುರುತಿಲ್ಲದ ಯಾರಿಗೋ ಹೋಗುತ್ತಿರುತ್ತದೆ. ಮೊಬೈಲ್ ಬದಲಿಸಲು ಹೋದಾಗಲೇ ಬೆರಳಚ್ಚು ನವೀಕರಣ ಆಗಿದೆಯೇ ಎಂದೂ ಕೇಳಿ. 15 ವರ್ಷ ತುಂಬಿದ ಮೇಲೆ ಇದು ಕಡ್ಡಾಯ. ಚಿಕ್ಕಂದಿನ ಬೆರಳಚ್ಚೇ ಉಳಿದಿದ್ದರೆ ಬ್ಯಾಂಕಿನಲ್ಲೂ ಪಡಿತರ ಅಂಗಡಿಯಲ್ಲೂ ಯಂತ್ರ ಗುರುತು ಹಿಡಿಯುವುದಿಲ್ಲ.

ಹೆಸರಿನ ತೊಡಕು ಇದಕ್ಕಿಂತ ಮೊಂಡು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಚೈತ್ರಾ ಹೆಚ್. ಬಿ.", ಆಧಾರ್‌ನಲ್ಲಿ "ಚೈತ್ರ", ಕಾಲೇಜಿನ ದಾಖಲೆಯಲ್ಲಿ "ಚೈತ್ರ ಬಂಗಾರಪ್ಪ" ಎಂದಿದ್ದರೆ ತಂತ್ರಾಂಶಕ್ಕೆ ಇವರು ಮೂವರು. ತಿದ್ದುವಾಗ ನೆನಪಿಡಬೇಕಾದ್ದು ಒಂದೇ. ಅಂಕಪಟ್ಟಿಯನ್ನು ಆಧಾರ್‌ಗೆ ಹೊಂದಿಸಲು ಹೋಗಬೇಡಿ, ಆಧಾರನ್ನೇ ಅಂಕಪಟ್ಟಿಗೆ ಹೊಂದಿಸಿ. ಅಂಕಪಟ್ಟಿ ತಿದ್ದಿಸಲು ಶಾಲೆಯಿಂದ ಮಂಡಳಿಯವರೆಗೆ ಕಾಗದ ಓಡಾಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ. ಆದ್ದರಿಂದ ಕೇಂದ್ರದವರು ಟೈಪ್ ಮಾಡಿದ್ದನ್ನು ಪರದೆಯಲ್ಲಿ ನೀವೇ ಓದಿ, ಇನಿಷಿಯಲ್ ಎಲ್ಲಿದೆ, ನಡುವೆ ಜಾಗ ಬಿಟ್ಟಿದ್ದಾರೆಯೇ ಎಂದು ನೋಡಿ, ಆಮೇಲೆ ಒಪ್ಪಿಗೆ ಕೊಡಿ.

ಆದಾಯ ಪತ್ರಕ್ಕೆ ಐದು ವರ್ಷ ಆಯುಸ್ಸು. 2ಎ, 3ಎ, 3ಬಿ ವರ್ಗದವರ ಜಾತಿ-ಆದಾಯ ಪತ್ರ ಒಂದೇ ಆಗಿರುವುದರಿಂದ ಅದಕ್ಕೂ ಅಷ್ಟೇ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವ ಹೊತ್ತಿಗೆ ಸತ್ತಿರುತ್ತದೆ. ಇದನ್ನು ದಾವಣಗೆರೆಯ ನಾಡಕಚೇರಿಯಿಂದ ಪಡೆಯಲಾಗದು. ಕುಟುಂಬ ವಾಸವಿರುವ ಹೋಬಳಿಯದೇ ಬೇಕು, ಆ ಊರಿನ ಗ್ರಾಮ ಆಡಳಿತ ಅಧಿಕಾರಿಯ ವರದಿ ಬೇಕು. ಮಗ ಇಲ್ಲಿ ಫಾರಂ ತುಂಬುತ್ತಾ ಕುಳಿತಾಗ ಪತ್ರದ ಅವಧಿ ಮುಗಿದಿದೆ ಎಂದು ತಿಳಿದರೆ, ಅಲ್ಲಿ ಅಪ್ಪ ಮಳೆಯಲ್ಲಿ ಕಚೇರಿಗೆ ಎರಡು ಸಲವಾದರೂ ನಡೆಯಬೇಕು. ಪತ್ರದ ತಾರೀಕನ್ನು ಏಪ್ರಿಲ್-ಮೇ ರಜೆಯಲ್ಲೇ ನೋಡಿಬಿಟ್ಟರೆ ಈ ಪಾಡು ಇಲ್ಲ.

ಇನ್ನು ಬ್ಯಾಂಕ್. ಹೆಚ್ಚಿನ ಅರ್ಜಿಗಳು ಮಂಜೂರಾದ ಮೇಲೂ ಮುಗ್ಗರಿಸುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಅರ್ಜಿಯಲ್ಲಿ ಖಾತೆ ಸಂಖ್ಯೆ ಬರೆದರೆ ಹಣ ಅಲ್ಲಿಗೆ ಬರುತ್ತದೆ ಎಂದು ಪಾಲಕರು ನಂಬಿರುತ್ತಾರೆ. ಹಾಗಿಲ್ಲ. ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಆ ಆಧಾರ್‌ಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಯಾವ ಬ್ಯಾಂಕ್ ಕಡೆಯದಾಗಿ ಜೋಡಣೆಯಾಗಿದೆಯೋ ಅದಕ್ಕೇ ಜಮೆ. "ಖಾತೆಗೆ ಆಧಾರ್ ಲಿಂಕ್ ಆಗಿದೆ" ಎಂದು ಕೌಂಟರಿನಲ್ಲಿ ಹೇಳಿದರೆ ಸಾಲದು, ಲಿಂಕ್ ಬೇರೆ, ಎನ್‌ಪಿಸಿಐ ಸೀಡಿಂಗ್, ಅಂದರೆ ಆ ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಸೇರಿಸುವುದು ಬೇರೆ. ಸೀಡಿಂಗ್‌ಗೆ ಒಪ್ಪಿಗೆಯ ಫಾರಂ ಪ್ರತ್ಯೇಕವಾಗಿ ಕೊಡಬೇಕು. ಆಗಿದೆಯೋ ಇಲ್ಲವೋ ಎಂದು ಆಧಾರ್ ಜಾಲತಾಣದ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ವಿಭಾಗದಲ್ಲಿ ಒಟಿಪಿ ಹಾಕಿ ನೋಡಬಹುದು. ಬ್ಯಾಂಕಿನ ಹೆಸರು, ಸ್ಥಿತಿ ಎರಡೂ ತೋರಿಸುತ್ತದೆ. "ಇನ್‌ಆಕ್ಟಿವ್" ಎಂದು ಬಂದರೆ ಮರುದಿನವೇ ಬ್ಯಾಂಕಿಗೆ ಹೋಗಿ.

ಎಡವುವ ರೀತಿ ಹೆಚ್ಚಾಗಿ ಹೀಗಿರುತ್ತದೆ. ಊರಲ್ಲಿ ಶಾಲೆಯ ಕಾಲದ ಖಾತೆ ಒಂದಿರುತ್ತದೆ. ದಾವಣಗೆರೆಗೆ ಬಂದು ಕಾಲೇಜಿನ ಪಕ್ಕದ ಬ್ಯಾಂಕಿನಲ್ಲಿ ಹೊಸದೊಂದು ತೆರೆಯುತ್ತಾರೆ, ಅಲ್ಲಿ ಸಹಿ ಹಾಕಿದ ಹತ್ತು ಕಾಗದಗಳಲ್ಲಿ ಒಂದು ಸೀಡಿಂಗ್ ಒಪ್ಪಿಗೆಯದು. ಹಣ ಹೊಸ ಖಾತೆಗೆ ಬಿದ್ದಿರುತ್ತದೆ, ಊರಲ್ಲಿ ಅಮ್ಮ ಹಳೆಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ಹಾಕಿಸಿ ಬರಿಗೈಲಿ ಬರುತ್ತಿರುತ್ತಾರೆ. ಇಲ್ಲವೇ ಎರಡು ವರ್ಷ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿ ಹಣ ವಾಪಸು ಹೋಗಿರುತ್ತದೆ. ವರ್ಷಕ್ಕೆ ಎರಡು ಸಲ ನೂರು ರೂಪಾಯಿ ಹಾಕಿ ತೆಗೆದರೆ ಖಾತೆ ಬದುಕಿರುತ್ತದೆ. ಬ್ಯಾಂಕ್ ದೂರವಿರುವ ಊರಿನವರಿಗೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಒಳ್ಳೆಯ ದಾರಿ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ಪಡೆದು ಖಾತೆ ತೆರೆದುಕೊಡುತ್ತಾರೆ. ಹಣ ಬಂತೇ ಎಂದು ನೋಡಲು ರಾಜ್ಯ ಸರ್ಕಾರದ ಡಿಬಿಟಿ (ನೇರ ನಗದು ವರ್ಗಾವಣೆ) ಕರ್ನಾಟಕ ಆ್ಯಪ್ ಇದೆ. ಯಾವ ತಾರೀಕು, ಯಾವ ಯೋಜನೆ, ಯಾವ ಬ್ಯಾಂಕ್ ಎಂದು ಅದರಲ್ಲೇ ಸಿಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಮೆಚ್ಚಬೇಕಾದ ತುಂಡು ಇದು.

ದಾಖಲೆಗಳ ಇ-ದೃಢೀಕರಣ ಕಾಲೇಜಿನಲ್ಲೇ ಆಗಬೇಕು. ಮೂಲ ಪ್ರತಿಯೊಂದಿಗೆ ಆ ಹೊಣೆ ಹೊತ್ತ ಅಧ್ಯಾಪಕರ ಬಳಿ ಹೋದರೆ ಅವರು ಅಪ್‌ಲೋಡ್ ಮಾಡಿ ಒಂದು ಸಂಖ್ಯೆ ಕೊಡುತ್ತಾರೆ. ಕೊನೆಯ ವಾರದಲ್ಲಿ ಅವರ ಕೋಣೆಯ ಮುಂದೆ ಕಾರಿಡಾರ್ ತುಂಬಿರುತ್ತದೆ. ಪಾಠ ಮಾಡುತ್ತಲೇ ಇದನ್ನೂ ನಿಭಾಯಿಸುವವರ ಮೇಲೆ ರೇಗುವ ಬದಲು ಮೊದಲ ವಾರವೇ ಹೋಗುವುದು ವಾಸಿ. ಕೊನೆಯ ದಿನಾಂಕ ಮುಂದೆ ಹೋಗೇ ಹೋಗುತ್ತದೆ ಎಂದು ಕೂರುವವರು ಪ್ರತಿ ವರ್ಷವೂ ಇರುತ್ತಾರೆ. ಇನ್ನೊಂದು ಎಚ್ಚರಿಕೆ ಪಾಲಕರಿಗೆ: ಕೆಲವು ಯೋಜನೆಗಳಲ್ಲಿ ಕಾಲೇಜಿಗೆ ಸಲ್ಲಬೇಕಾದ ಶುಲ್ಕದ ಹಣವೂ ವಿದ್ಯಾರ್ಥಿಯ ಖಾತೆಗೇ ಬೀಳುತ್ತದೆ. ಅದು ಖರ್ಚಿನ ದುಡ್ಡಲ್ಲ. ಮನೆಯ ತುರ್ತಿಗೆ ತೆಗೆದುಬಿಟ್ಟರೆ ಆಮೇಲೆ ಕಾಲೇಜಿನ ಬಾಕಿ ಮಗುವಿನ ತಲೆಗೆ ಬರುತ್ತದೆ.

ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ರೈತ ವಿದ್ಯಾನಿಧಿಯ ಕತೆ ಹಿನ್ನೀರಿನವರ ಮಟ್ಟಿಗೆ ನೋವಿನದು. 2021ರಲ್ಲಿ ಆರಂಭವಾದಾಗ ಪಿಯುಸಿ, ಐಟಿಐ, ಡಿಪ್ಲೊಮಾ ಹುಡುಗರಿಗೆ 2,500, ಹುಡುಗಿಯರಿಗೆ 3,000, ಬಿ.ಎ., ಬಿ.ಎಸ್‌ಸಿ., ಬಿ.ಕಾಂ.ಗೆ 5,000 ಮತ್ತು 5,500, ಇಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂಪಾಯಿ ಎಂದು ನಿಗದಿಯಾಯಿತು. ರೈತರ ಮಕ್ಕಳು ಎಂದು ಗುರುತಿಸಲು ತಂದೆ ಅಥವಾ ತಾಯಿಯ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕು, ಎಫ್‌ಐಡಿಗೆ ಪಹಣಿ ಬೇಕು. ಪಹಣಿ ತಾತನ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಬಹುದು, ಅದಕ್ಕೆ ದಾರಿಯಿದೆ. ಆದರೆ ಶರಾವತಿ ಯೋಜನೆಯಲ್ಲಿ ಮುಳುಗಡೆಯಾಗಿ ಬೇರೆ ಕಡೆ ನೆಲೆ ನಿಂತ ಎಷ್ಟೋ ಕುಟುಂಬಗಳು ಉಳುವ ಭೂಮಿಗೆ ಇನ್ನೂ ಹಕ್ಕುಪತ್ರಕ್ಕಾಗಿ ಕಾಯುತ್ತಿವೆ. ನಾಡಿಗೆ ಬೆಳಕು ಕೊಡಲು ಮನೆ-ಗದ್ದೆ ಬಿಟ್ಟವರ ಮೊಮ್ಮಕ್ಕಳು ರೈತರ ಮಕ್ಕಳೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಇದು ವಿದ್ಯಾರ್ಥಿ ಸರಿಪಡಿಸಬಲ್ಲ ತಪ್ಪಲ್ಲ, ಇಲಾಖೆಗಳು ಕೂತು ಬಗೆಹರಿಸಬೇಕಾದ್ದು.

ಹಾಸ್ಟೆಲ್ ವಿಷಯ ಚಿಕ್ಕದಾಗಿ. ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್ (ಎಸ್‌ಎಚ್‌ಪಿ) ಎಂಬ ಬೇರೆಯೇ ಪೋರ್ಟಲ್‌ನಲ್ಲಿ. ಎಸ್‌ಎಸ್‌ಪಿ ಹಾಕಿದೆವಲ್ಲ ಎಂದು ಸುಮ್ಮನಿದ್ದು ಸೀಟು ಕಳೆದುಕೊಂಡವರು ಬಹಳ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ: ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ. ಹಾಸ್ಟೆಲ್‌ನಲ್ಲಿದ್ದವರಿಗೆ ವಿದ್ಯಾಸಿರಿ ಇಲ್ಲ. ದಾವಣಗೆರೆಯಲ್ಲಿ ಊಟ ಅಗ್ಗ ಎಂಬ ಹೆಸರಿದ್ದರೂ, ತಿಂಗಳಿಗೆ 1,500ರಲ್ಲಿ ವಿದ್ಯಾನಗರದ ಕಡೆ ಕೋಣೆ ಬಾಡಿಗೆ, ಊಟ ಎರಡೂ ಆಗುವುದಿಲ್ಲ. ಅದೂ ತಿಂಗಳು ತಿಂಗಳು ಕೈಗೆ ಬರುವ ಹಣವಲ್ಲ, ವರ್ಷದ ಕೊನೆಗೋ ಮುಂದಿನ ವರ್ಷಕ್ಕೋ ಒಟ್ಟಿಗೆ ಬರುವುದುಂಟು. ತೋಳಹುಣಸೆಯ ಶಿವಗಂಗೋತ್ರಿಗೆ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ದಿನಾ ಓಡಾಡುವವರು ಬಸ್ ಪಾಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಊರಿಗೆ ಹೋಗಿಬರುವ ಖರ್ಚು ನಿಜವಾಗಿಯೂ ಇಳಿದಿದೆ. ಆದರೆ ಸಾಗರ, ಶಿವಮೊಗ್ಗ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ ಓಡುತ್ತವೆ, ಅವಕ್ಕೆ ಶಕ್ತಿ ಅನ್ವಯಿಸದು. ಕೆಂಪು ಬಸ್ಸಿನ ಸಮಯ ಕೇಳಿಕೊಂಡು ಹೊರಡಿ.

ಮನಸ್ಸಿನ ವಿಷಯಕ್ಕೆ ಬರೋಣ. ಜುಲೈ-ಆಗಸ್ಟ್‌ನಲ್ಲಿ ಹಿನ್ನೀರಿನ ಕಡೆ ಮಳೆ ಹೆಂಚಿನ ಮೇಲೆ ಬಡಿಯುತ್ತಾ ಇರುತ್ತದೆ. ಇಲ್ಲಿ ಮೋಡ ಬಂದು ಹಾಗೇ ಹೋಗುತ್ತದೆ, ಮಧ್ಯಾಹ್ನ ಧೂಳು. ಗಂಜಿ ಉಂಡು ಬೆಳೆದವರ ತಟ್ಟೆಗೆ ಮೆಸ್ಸಿನಲ್ಲಿ ಖಡಕ್ ರೊಟ್ಟಿ, ಖಾರದ ಪಲ್ಯ ಬೀಳುತ್ತದೆ. ಇಲ್ಲಿಯ ಮಂಡಕ್ಕಿ-ಮೆಣಸಿನಕಾಯಿ, ಬೆಣ್ಣೆದೋಸೆ ಆಮೇಲೆ ಪ್ರಾಣವಾಗುತ್ತವೆ, ಮೊದಲ ತಿಂಗಳು ಹಾಗಲ್ಲ. ಮಾತಿನ ಧಾಟಿಯೂ ಬೇರೆ, ಇಲ್ಲಿಯವರು ಪ್ರೀತಿಯಿಂದ ಏರುದನಿಯಲ್ಲಿ ಮಾತಾಡಿಸಿದರೂ ಅದು ಗದರಿದಂತೆ ಕೇಳಿಸುತ್ತದೆ. ಮನೆ ನೆನಪು ಕಾಯಿಲೆಯಲ್ಲ. ಆದರೆ ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟಿದ್ದರೆ, ತರಗತಿಗೆ ಹೋಗದೆ ಹಾಸಿಗೆಯಲ್ಲೇ ಇದ್ದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಅದನ್ನು ಸೋಮಾರಿತನ ಎಂದು ಬಿಡಬಾರದು.

ಅದಕ್ಕೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಭಾಷೆ ಕೇಳುತ್ತದೆ, ಕನ್ನಡ ಆರಿಸಿದರೆ ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ. ಹಗಲು ರಾತ್ರಿ ಎರಡೂ ಹೊತ್ತು, ಶುಲ್ಕವಿಲ್ಲ. ಸಮಸ್ಯೆ ಗಂಭೀರ ಎನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆ ಸೂಚಿಸುತ್ತಾರೆ. ಬಡ ಹಳ್ಳಿ ಮಗುವಿಗೆ ಕನ್ನಡದಲ್ಲಿ, ಬಿಟ್ಟಿಯಾಗಿ, ರಾತ್ರಿ ಎರಡು ಗಂಟೆಗೆ ಒಬ್ಬರು ಕಿವಿಗೊಡುತ್ತಾರೆ ಎಂಬುದು ಸಣ್ಣ ಮಾತಲ್ಲ. ಈ ಪಟ್ಟಿಯಲ್ಲಿ ದಾಖಲೆ, ಆರ್‌ಡಿ ನಂಬರ್, ಒಟಿಪಿ ಯಾವುದನ್ನೂ ಕೇಳದ ಸೇವೆ ಇದೊಂದೇ.

ಕೊರತೆಯೂ ಇದೆ. ಮೊದಲನೆಯದು ಜಾಗದ್ದು. ಒಂದು ಕೋಣೆಯಲ್ಲಿ ಆರೇಳು ಮಂದಿ ಇರುವಾಗ ಯಾರೂ ಬಾಯಿ ಬಿಡುವುದಿಲ್ಲ. ಟೆರೇಸಿಗೆ ಹೋಗಿ ಮಾತಾಡಬೇಕೆಂದರೆ ಬಾಗಿಲಿಗೆ ಬೀಗ. ವಾರ್ಡನ್‌ಗಳು ಒಂದು ಕೆಲಸ ಮಾಡಬಹುದು: ಕಚೇರಿಯ ಪಕ್ಕದ ಸ್ಟೋರ್ ರೂಮಿನಲ್ಲಿ ಒಂದು ಕುರ್ಚಿ ಹಾಕಿ, ಬಾಗಿಲ ಒಳಗೆ 14416 ಎಂದು ದೊಡ್ಡದಾಗಿ ಬರೆದು, ಯಾರು ಹೋದರು ಏಕೆ ಹೋದರು ಎಂದು ಕೇಳದಿರುವುದು. ಎರಡನೆಯದು, ಮುಂದಿನ ಸಲ ಕರೆ ಮಾಡಿದಾಗ ಅದೇ ವ್ಯಕ್ತಿಯೇ ಸಿಗುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ, ಕತೆಯನ್ನು ಮೊದಲಿಂದ ಹೇಳಬೇಕಾಗಬಹುದು. ಹಾಗಾಗಿ ಕೆಲವರಿಗೆ ಎದುರು ಕೂತು ಮಾತಾಡುವ ವೈದ್ಯರೇ ಬೇಕು, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಗೆಳೆಯರೊಬ್ಬರು ಜೊತೆಗೆ ಹೋಗುವುದು ಒಳ್ಳೆಯದು. ಪ್ರಾಣಕ್ಕೆ ಅಪಾಯ ಎಂದು ಕಂಡ ಕ್ಷಣದಲ್ಲಿ ಫೋನಿನ ಸಲಹೆಗೆ ಕಾಯದೆ 112ಕ್ಕೆ ಕರೆ ಮಾಡಿ, ಆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಉದ್ಯೋಗದ ಮಾರ್ಗದರ್ಶನ ಈ ನಾಲ್ಕರಲ್ಲಿ ಅತ್ಯಂತ ತೆಳು. ರಾಜ್ಯದ ನಿರುದ್ಯೋಗ ಭತ್ಯೆಯಾದ ಯುವನಿಧಿ ಪದವಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ, ಹೆಚ್ಚೆಂದರೆ ಎರಡು ವರ್ಷ, ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಗದಿದ್ದರೆ. ಕೆಲಸ ಹುಡುಕುವವರೆಗೆ ಬಸ್ ಚಾರ್ಜಿಗೆ ಆಗುತ್ತದೆ, ಸರಿ. ಆದರೆ ಯಾವ ಕೆಲಸ ಎಂದು ಹತ್ತನೇ ತರಗತಿಯಲ್ಲೇ ಹೇಳುವವರು ಬೇಕು. ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಎಲ್ಲರೂ ಜಿಟಿಟಿಸಿ ಎನ್ನುತ್ತಾರೆ. ಎಸ್‌ಎಸ್‌ಎಲ್‌ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಯಂತ್ರದ ಮೇಲೆ ಕೈ ಇಟ್ಟು ಕಲಿಯುವ ಇಂಥ ಕೋರ್ಸಿನ ಹೆಸರನ್ನೇ ಕೇಳದೆ, ಇಷ್ಟವಿಲ್ಲದ ಪದವಿಗೆ ಸೇರಿ ಮೂರು ವರ್ಷ ಕಳೆಯುವವರನ್ನು ನೋಡಿದರೆ ಸಂಕಟವಾಗುತ್ತದೆ. ವಿಜ್ಞಾನ ಓದುವವರನ್ನು ಚಳ್ಳಕೆರೆ ಬಳಿಯ ಕುದಾಪುರಕ್ಕೆ ಒಂದು ದಿನ ಕರೆದೊಯ್ಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಅಲ್ಲಿದೆ, ಸಂಶೋಧನೆ ಎಂಬುದು ಬೆಂಗಳೂರಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ ಎಂದು ಕಣ್ಣಾರೆ ನೋಡುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಯೋಜನೆಗಳು ಗಟ್ಟಿ, ಕೀಲುಗಳು ಸಡಿಲ. ಕೀಲಿಗೆ ಎಣ್ಣೆ ಹಾಕಬೇಕಾದವರು ಊರಿನವರು ಮತ್ತು ಇಲ್ಲಿ ಈಗಾಗಲೇ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳು. ದುಡ್ಡು ಬಹಳ ಬೇಡ. ಹೊಸದಾಗಿ ಬಂದ ಐವರಿಗೆ ಒಬ್ಬ ಹಿರಿಯ ಅಥವಾ ಹಿರಿಯಳು, ಅವರ ಕೈಯಲ್ಲಿ ಒಂದು 100 ಪುಟದ ನೋಟ್‌ಬುಕ್. ಒಬ್ಬೊಬ್ಬರಿಗೆ ಒಂದು ಪುಟ: ಆಧಾರ್‌ಗಿರುವ ಮೊಬೈಲ್ ಯಾರ ಕೈಯಲ್ಲಿದೆ, ಆದಾಯ ಪತ್ರ ಯಾವ ತಾರೀಕಿಗೆ ಮುಗಿಯುತ್ತದೆ, ಸೀಡಿಂಗ್ ಯಾವ ಬ್ಯಾಂಕಿಗಿದೆ, ಎಸ್‌ಎಸ್‌ಪಿ ಐಡಿ, ಎಸ್‌ಎಚ್‌ಪಿ ಅರ್ಜಿ ಹಾಕಿದ ದಿನ. ಪಾಸ್‌ವರ್ಡ್, ಒಟಿಪಿ, ಆಧಾರ್‌ನ ಪೂರ್ತಿ ಸಂಖ್ಯೆ ಈ ಪುಸ್ತಕದಲ್ಲಿ ಬರೆಯಲೇಬಾರದು. ಎಸ್‌ಎಸ್‌ಪಿ ಪಾಸ್‌ವರ್ಡನ್ನು ಸೈಬರ್ ಸೆಂಟರಿನವರಿಗೆ ನೆನಪಿಟ್ಟುಕೊಳ್ಳಲು ಬಿಡುವ ಅಭ್ಯಾಸವೂ ನಿಲ್ಲಬೇಕು. ಅಂಗಡಿ ಮುಚ್ಚಿದ ವರ್ಷ ಅರ್ಜಿಯೂ ನಿಲ್ಲುತ್ತದೆ.

ಇನ್ನೊಂದು ಸಣ್ಣ ನಿಧಿ. ವಿದ್ಯಾಸಿರಿಯ 15,000 ತಡವಾಗಿ ಬರುತ್ತದೆ, ಬಾಡಿಗೆ ಮಾತ್ರ ಐದನೇ ತಾರೀಕಿಗೇ ಕೊಡಬೇಕು. ಆ ನಡುವಿನ ತಿಂಗಳುಗಳಲ್ಲೇ ಮಕ್ಕಳು ಓದು ಬಿಟ್ಟು ಅಂಗಡಿ ಕೆಲಸಕ್ಕೆ ಸೇರುವುದು. ಊರಿನ ಸಂಘ, ದೇವಸ್ಥಾನ ಸಮಿತಿ, ಸಹಕಾರ ಸಂಘ ಯಾರಾದರೂ 1,50,000 ರೂಪಾಯಿ ಎತ್ತಿಟ್ಟರೆ ಹತ್ತು ಮಕ್ಕಳಿಗೆ ಕೈಗಡ ಕೊಡಬಹುದು. ಬಡ್ಡಿ ಇಲ್ಲ, ಸರ್ಕಾರದ ಹಣ ಜಮೆಯಾದ ವಾರ ವಾಪಸು. ಜಮೆ ಆಯಿತೇ ಎಂದು ಡಿಬಿಟಿ ಆ್ಯಪ್ ತೋರಿಸುವುದರಿಂದ ಕೇಳುವವರಿಗೂ ಮುಜುಗರವಿಲ್ಲ, ಕೊಡುವವರಿಗೂ ಇಲ್ಲ. ಅರ್ಜಿ ತಿರಸ್ಕಾರವಾದ ಒಬ್ಬಿಬ್ಬರ ಹಣ ಬರದೆ ಹೋಗಬಹುದು, ಅದನ್ನು ಮೊದಲೇ ಲೆಕ್ಕ ಹಿಡಿದು ಹದಿನೈದು-ಇಪ್ಪತ್ತು ಸಾವಿರ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಕೈಗಡ ಕೊಡುವ ದಿನವೇ ಆ ವಿದ್ಯಾರ್ಥಿಯ ಸೀಡಿಂಗ್ ಸ್ಟೇಟಸ್ ತೆರೆಸಿ ನೋಡಿದರೆ, ತಿರಸ್ಕಾರಕ್ಕೆ ಮುಂಚೆಯೇ ಅರ್ಧ ತಪ್ಪುಗಳು ಸಿಕ್ಕಿಬೀಳುತ್ತವೆ.